ಡ್ರಾಯರ್‌ನಲ್ಲಿ ಬಿದ್ದಿರುವ ಹಳೇ ಮೊಬೈಲ್, ಚಾರ್ಜರ್, ಬ್ಯಾಟರಿ: ಯಾರಿಗೆ, ಹೇಗೆ ಕೊಡಬೇಕು?

"ಹಳೇ ಫೋನ್ ಏನು ಮಾಡೋದು?" "ಉಬ್ಬಿದ ಪವರ್ ಬ್ಯಾಂಕ್ ಕಸದ ಆಟೋಗೆ ಹಾಕಬಹುದಾ?" "ಗುಜರಿಯವರು ಡಬ್ಬಾ ಟಿವಿಗೆ ಇನ್ನೂರು ಕೊಡ್ತಾರಂತೆ, ಕೊಟ್ಟುಬಿಡಲಾ?" ಆಯುಧ ಪೂಜೆ, ದೀಪಾವಳಿ ಅಂತ ಮನೆ ಕ್ಲೀನ್ ಮಾಡುವ ಹೊತ್ತಿಗೆ ಈ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕರೆಂಟ್‌ನಿಂದಲೋ ಬ್ಯಾಟರಿಯಿಂದಲೋ ನಡೆಯುವ ಯಾವುದೇ ವಸ್ತು ಕೆಟ್ಟು ಮೂಲೆ ಸೇರಿದರೆ ಅದನ್ನು ಇ-ತ್ಯಾಜ್ಯ ಎನ್ನುತ್ತಾರೆ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ಜಾಗಕ್ಕೆ ಹೋಗಿ ದಾಖಲೆಯಾಗಿದ್ದು ನೂರಕ್ಕೆ 22 ಪಾಲು ಮಾತ್ರ. ಅತಿ ಹೆಚ್ಚು ಇ-ತ್ಯಾಜ್ಯ ಹುಟ್ಟುವ ದೇಶಗಳಲ್ಲಿ ನಾವು ಮೊದಲ ಮೂರರಲ್ಲೇ ಇದ್ದೇವೆ.

ಗುಜರಿಗೆ ಕೊಟ್ಟರೆ ತಪ್ಪೇನು?

ಮೊದಲು ಇದನ್ನು ಹೇಳಿಬಿಡುತ್ತೇನೆ. ಗುಜರಿಯವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಪೇಪರ್, ಕಬ್ಬಿಣ, ಬಾಟಲಿ ಎಲ್ಲ ಮತ್ತೆ ಬಳಕೆಗೆ ಹೋಗುತ್ತಿರುವುದು ಅವರಿಂದಲೇ. ತೊಂದರೆ ಇರುವುದು ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ. ಅದನ್ನು ಬಿಚ್ಚುವಾಗ ಮೊದಲು ಪೆಟ್ಟು ಬೀಳುವುದೂ ಅವರ ಕೈಗೆ, ಅವರ ಮಕ್ಕಳಿಗೇ.

ನಿಮ್ಮ ಫೋನ್ ಒಳಗಿರುವ ಹಸಿರು ಹಲಗೆ ಇದೆಯಲ್ಲ, ಅದೇ ಮದರ್‌ಬೋರ್ಡ್. ಅದರಲ್ಲಿ ತಾಮ್ರ ಇದೆ, ಬೆಳ್ಳಿ ಇದೆ, ತೆಳ್ಳಗೆ ಚಿನ್ನದ ಲೇಪವೂ ಇದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು. ಒಂದು ಟನ್ ಹಳೇ ಮೊಬೈಲ್‌ಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಹಾಗಾಗಿಯೇ ಇದರ ಹಿಂದೆ ಇಷ್ಟು ಜನ ಬಿದ್ದಿರುವುದು.

ತಗಡಿನ ಶೆಡ್‌ಗಳಲ್ಲಿ ಅದನ್ನು ತೆಗೆಯುವ ರೀತಿ ಹೀಗೆ. ಬೋರ್ಡನ್ನು ಸ್ಟೌ ಮೇಲೆ ಕಾಯಿಸಿ, ಬೆಸುಗೆಯ ಸೀಸ ಕರಗಿದ ಮೇಲೆ ಇಕ್ಕಳದಿಂದ ಚಿಪ್‌ಗಳನ್ನು ಎತ್ತುತ್ತಾರೆ. ಉಳಿದ ಹಲಗೆಯನ್ನು ಬಕೆಟ್‌ನಲ್ಲಿ ಆ್ಯಸಿಡ್‌ಗೆ ಅದ್ದುತ್ತಾರೆ. ವೈರ್‌ಗಳನ್ನು ರಾಶಿ ಹಾಕಿ ಸುಡುತ್ತಾರೆ, ಮೇಲಿನ ಪ್ಲಾಸ್ಟಿಕ್ ಹೋಗಿ ತಾಮ್ರ ಉಳಿಯಲಿ ಅಂತ. ಕಾಯಿಸಿದಾಗ ಏಳುವ ಹೊಗೆಯಲ್ಲಿ ಸೀಸ ಇರುತ್ತದೆ. ಪಿವಿಸಿ ವೈರ್ ಸುಟ್ಟಾಗ ಡಯಾಕ್ಸಿನ್ ಹುಟ್ಟುತ್ತದೆ. ಇದು ದೇಹದ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುವ ವಿಷ. ಬಳಸಿದ ಆ್ಯಸಿಡ್ ಹೋಗುವುದು ಮೋರಿಗೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಕೈ ಹಾಕುತ್ತದೆ, ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಈ ಕೆಲಸಕ್ಕೆ ಕುಖ್ಯಾತ. ಬೆಂಗಳೂರಿನಲ್ಲೂ ಸಂದಿಗೊಂದಿಗಳಲ್ಲಿ ಇದು ನಡೆದಿದೆ.

ಹಾಗಾಗಿ ಇಡೀ ಲೇಖನದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಕೈಬಿಟ್ಟ ಮೇಲೆ ಆ ವಸ್ತುವನ್ನು ಬಿಚ್ಚುವವರು ಯಾರು?

ಶುರು ಮಾಡುವ ಮುನ್ನ ಬೇಕಾದದ್ದು

ಜಾಸ್ತಿ ಏನಿಲ್ಲ. ಎರಡು ರಟ್ಟಿನ ಡಬ್ಬ, ಒಂದು ಸ್ಟೀಲ್ ಅಥವಾ ತಗಡಿನ ಡಬ್ಬಿ, ಅದರ ತಳಕ್ಕೆ ಒಣ ಮರಳು, ಒಂದು ಸುರುಳಿ ಸೆಲ್ಲೋ ಟೇಪ್ ಅಥವಾ ಇನ್ಸುಲೇಷನ್ ಟೇಪ್, ಸಣ್ಣ ಸ್ಕ್ರೂ ಡ್ರೈವರ್. ಒಂದು ಭಾನುವಾರ ಬೆಳಿಗ್ಗೆ ಸಾಕು. ಮಕ್ಕಳನ್ನು ಹುಡುಕುವ ಕೆಲಸಕ್ಕೆ ಸೇರಿಸಿಕೊಳ್ಳಿ, ಬ್ಯಾಟರಿ ಮುಟ್ಟುವ ಕೆಲಸಕ್ಕೆ ಬೇಡ.

ಹಂತ 1: ನಿಜವಾಗಿಯೂ ಬಿಸಾಡಬೇಕಾ, ನೋಡಿ

ಒಂದು ಫೋನ್ ತನ್ನ ಆಯಸ್ಸಿನಲ್ಲಿ ಪರಿಸರದ ಮೇಲೆ ಹಾಕುವ ಹೊರೆಯಲ್ಲಿ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ನೀವು ದಿನಾ ಚಾರ್ಜ್ ಮಾಡುವ ಕರೆಂಟಿನ ಪಾಲು ಸಣ್ಣದು. ಅಂದರೆ ಹಳೇ ಫೋನ್ ಎರಡು ವರ್ಷ ಜಾಸ್ತಿ ಬಾಳಿದರೆ ಅದಕ್ಕಿಂತ ಒಳ್ಳೆಯ ರೀಸೈಕ್ಲಿಂಗ್ ಇಲ್ಲ.

ಫೋನ್ "ಸ್ಲೋ ಆಯ್ತು", "ಚಾರ್ಜ್ ನಿಲ್ಲಲ್ಲ" ಅಂದರೆ ಬಹಳ ಸಲ ಬ್ಯಾಟರಿ ಹಳತಾಗಿರುತ್ತದೆ, ಅಷ್ಟೇ. ಬ್ಯಾಟರಿ ಬದಲಿಸಿದರೆ ಮತ್ತೆ ನಡೆಯುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ ನೋಡಿ. ಎಸ್‌ಎಸ್‌ಡಿ ಅಂದರೆ ಒಳಗೆ ತಿರುಗುವ ತಟ್ಟೆ ಇಲ್ಲದ, ವೇಗದ ಸ್ಟೋರೇಜ್. ಓದುವ ಹುಡುಗರಿಗೆ ಇನ್ನೂ ಮೂರು ವರ್ಷ ಆರಾಮಾಗಿ ಬರುತ್ತದೆ. ಯಾವ ಕಂಪನಿಯ ಬಿಡಿಭಾಗ, ಸರ್ವಿಸ್ ಎಲ್ಲಿ ಸಿಗುತ್ತದೆ ಎಂದು ತಿಳಿಯಲು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ "ರೈಟ್ ಟು ರಿಪೇರ್" ಅನ್ನುವ ಪೋರ್ಟಲ್ ತೆರೆದಿದೆ. ಅಲ್ಲೊಮ್ಮೆ ಹುಡುಕಿ.

ಎಚ್ಚರಿಕೆ ಒಂದಿದೆ. ಕಂಪನಿಯಿಂದ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತುಹೋದ ಫೋನ್‌ನಲ್ಲಿ ಯುಪಿಐ, ಬ್ಯಾಂಕ್ ಆ್ಯಪ್ ಇಟ್ಟುಕೊಳ್ಳಬೇಡಿ. ಅದನ್ನು ಹಾಡು ಕೇಳಲು, ರೇಡಿಯೋ ತರಹ ಅಡುಗೆಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಹಂತ 2: ವಿಂಗಡಿಸಿ

ಮನೆಯ ಎಲ್ಲ ಮೂಲೆ ತಡಕಿ. ಅಟ್ಟ, ಟಿವಿ ಸ್ಟ್ಯಾಂಡ್ ಹಿಂದೆ, ದೇವರಮನೆಯ ಕೆಳಗಿನ ಕಪಾಟು, ಕಾರಿನ ಡ್ಯಾಶ್‌ಬೋರ್ಡ್. ಸಿಕ್ಕಿದ್ದನ್ನು ಮೂರು ಪಾಲು ಮಾಡಿ.

ಮೊದಲ ಡಬ್ಬಕ್ಕೆ ಇನ್ನೂ ನಡೆಯುವ ವಸ್ತುಗಳು. ಎರಡನೆಯದಕ್ಕೆ ಕೆಟ್ಟುಹೋದ, ಬ್ಯಾಟರಿ ಇಲ್ಲದ ವಸ್ತುಗಳು: ಚಾರ್ಜರ್, ವೈರ್, ರಿಮೋಟ್, ಮೌಸ್, ಸೆಟ್ ಟಾಪ್ ಬಾಕ್ಸ್, ಮಿಕ್ಸಿ ಮೋಟರ್, ಎಲ್‌ಇಡಿ ಬಲ್ಬ್. ಮೂರನೆಯದು ತಗಡಿನ ಡಬ್ಬಿ. ಅದು ಬ್ಯಾಟರಿಗಳಿಗೆ. ರಿಮೋಟ್‌ನ ಪೆನ್ಸಿಲ್ ಸೆಲ್, ತೆಗೆಯಲು ಬರುವ ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್, ಇಯರ್‌ಬಡ್, ಸ್ಮಾರ್ಟ್ ವಾಚ್. ಲೈಟ್ ಹೊಳೆಯುವ ಮಕ್ಕಳ ಆಟಿಕೆ, ಹಾಡು ಹೇಳುವ ಗ್ರೀಟಿಂಗ್ ಕಾರ್ಡ್ ಒಳಗೂ ಬ್ಯಾಟರಿ ಇರುತ್ತದೆ, ಮರೀಬೇಡಿ.

ಜೋಡಿಸಿ ಮುಚ್ಚಿದ ಫೋನ್‌ನಿಂದ ಬ್ಯಾಟರಿಯನ್ನು ಚಾಕು ಹಾಕಿ ಕೀಳಲು ಹೋಗಬೇಡಿ. ಹಾಗೇ ಇಡಿ.

ಹಂತ 3: ಬ್ಯಾಟರಿಗಳಿಗೆ ಟೇಪ್ ಹಚ್ಚಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಮೊಬೈಲ್, ಪವರ್ ಬ್ಯಾಂಕ್, ಲ್ಯಾಪ್‌ಟಾಪ್‌ನಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಒಳಗೆ ಎರಡು ತೆಳು ಹಾಳೆಗಳ ನಡುವೆ ಅದಕ್ಕಿಂತ ತೆಳುವಾದ ಪರದೆ ಇರುತ್ತದೆ. ಆ ಪರದೆ ಹರಿದರೆ, ಜಜ್ಜಿದರೆ, ಒಳಗೇ ಶಾರ್ಟ್ ಆಗಿ ಬಿಸಿ ಏರುತ್ತದೆ. ಬಿಸಿ ಏರಿದಷ್ಟೂ ರಾಸಾಯನಿಕ ಕ್ರಿಯೆ ಜೋರಾಗುತ್ತದೆ, ಅದರಿಂದ ಇನ್ನಷ್ಟು ಬಿಸಿ. ಕೈ ಮೀರಿದ ಮೇಲೆ ಬೆಂಕಿಯೇ. ಕಸದ ಲಾರಿಯಲ್ಲಿ ಕಸವನ್ನು ಅದುಮುವ ಯಂತ್ರ ಇರುತ್ತದಲ್ಲ, ಅದರ ಕೆಳಗೆ ಒಂದು ಪವರ್ ಬ್ಯಾಂಕ್ ಸಿಕ್ಕರೆ ಲಾರಿಯೇ ಹೊತ್ತಿಕೊಳ್ಳಬಹುದು. ಕಸದ ಆಟೋಗೆ ಬೇಡ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಮಾಡಬೇಕಾದದ್ದು ಸುಲಭ. ಬ್ಯಾಟರಿಯ ಲೋಹದ ತುದಿಗಳಿಗೆ ಟೇಪ್ ಅಂಟಿಸಿ, ಒಂದೊಂದಕ್ಕೂ ಬೇರೆ ಬೇರೆ. ಟೇಪ್ ಇಲ್ಲದೆ ಒಟ್ಟಿಗೆ ಡಬ್ಬಿಗೆ ಸುರಿದರೆ ಒಂದರ ತುದಿ ಇನ್ನೊಂದಕ್ಕೆ ತಾಗಿ ಕಿಡಿ ಹಾರಬಹುದು. ಆಮೇಲೆ ಮರಳು ಹಾಕಿದ ಡಬ್ಬಿಯಲ್ಲಿ ಇಡಿ. ಬಿಸಿಲು, ಗ್ಯಾಸ್ ಸ್ಟೌ, ಬಟ್ಟೆ ಕಪಾಟಿನಿಂದ ದೂರ ಇರಲಿ.

ಉಬ್ಬಿದ ಬ್ಯಾಟರಿ: ಫೋನಿನ ಹಿಂಭಾಗ ಎದ್ದಿದೆಯಾ, ಸ್ಕ್ರೀನ್ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದೆಯಾ, ಮೇಜಿನ ಮೇಲೆ ಇಟ್ಟರೆ ಗಿರಗಿರ ತಿರುಗುತ್ತದಾ, ಅದು ಉಬ್ಬಿದೆ ಅಂತಲೇ ಲೆಕ್ಕ. ಚಾರ್ಜ್‌ಗೆ ಹಾಕಬೇಡಿ, "ಒಂದೇ ಸಲ ಫೋಟೋ ತೆಗೆದುಕೊಳ್ತೀನಿ" ಅಂತಲೂ ಬೇಡ. ಒತ್ತಬೇಡಿ, ಸೂಜಿಯಿಂದ ಗಾಳಿ ತೆಗೆಯುವ ಯೂಟ್ಯೂಬ್ ಸಾಹಸ ಬೇಡವೇ ಬೇಡ. ಕೊರಿಯರ್‌ನಲ್ಲಿ ಕಳಿಸಬೇಡಿ. ಮರಳಿನ ಡಬ್ಬಿಯಲ್ಲಿ ಒಂಟಿಯಾಗಿ ಇಟ್ಟು, ಬೇಗ ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೊಂಡೊಯ್ಯಿರಿ. ಹೊಗೆ ಬರಲು ಶುರುವಾದರೆ ಹತ್ತಿರ ಹೋಗದೆ ಮನೆಯವರನ್ನೆಲ್ಲ ಹೊರಗೆ ಕಳಿಸಿ 101 ಅಥವಾ 112ಕ್ಕೆ ಫೋನ್ ಮಾಡಿ.

ಬಟನ್ ಸೆಲ್: ಕಾರಿನ ರಿಮೋಟ್ ಕೀ, ತೂಕದ ಮಷಿನ್, ಆಟಿಕೆಗಳಲ್ಲಿರುವ ನಾಣ್ಯದಂತಹ ಬ್ಯಾಟರಿ. ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೆ ಸುಟ್ಟಗಾಯ ಮಾಡಬಲ್ಲದು. ಬ್ಯಾಟರಿ ಸತ್ತಿದೆ ಎಂದು ಸುಮ್ನೆ ಇರಬೇಡಿ, ರಿಮೋಟ್‌ಗೆ ಸಾಲದ ಬ್ಯಾಟರಿಗೂ ಗಾಯ ಮಾಡುವಷ್ಟು ಶಕ್ತಿ ಉಳಿದಿರುತ್ತದೆ. ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ಹಂತ 4: ಫೋನ್‌ನಲ್ಲಿರುವ ನಿಮ್ಮ ಮಾಹಿತಿ ಅಳಿಸಿ

ಡ್ರಾಯರ್‌ನಲ್ಲಿ ಫೋನ್ ಕೊಳೆಯಲು ಅಸಲಿ ಕಾರಣ ಇದೇ ಅಲ್ವಾ? ಫೋಟೋ, ಬ್ಯಾಂಕು, ಮೆಸೇಜು ಯಾರ ಕೈಗೋ ಹೋದರೆ ಅನ್ನುವ ಭಯ. ಭಯ ನ್ಯಾಯವಾದದ್ದೇ, ಆದರೆ ಅದಕ್ಕೆ ದಾರಿ ಇದೆ. ಈ ಕ್ರಮದಲ್ಲೇ ಮಾಡಿ, ಹಿಂದುಮುಂದು ಬೇಡ.

ಮೊದಲು ಫೋಟೋ, ಕಾಂಟ್ಯಾಕ್ಟ್, ವಾಟ್ಸ್‌ಆ್ಯಪ್ ಚಾಟ್ ಬ್ಯಾಕಪ್ ತೆಗೆದುಕೊಳ್ಳಿ. ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಹೊಸ ಫೋನ್‌ಗೆ ವರ್ಗಾಯಿಸಿ. ಇದನ್ನು ಮರೆತವರು ಆಮೇಲೆ ಆಫೀಸ್ ಮೇಲ್ ತೆರೆಯಲಾಗದೆ ಒದ್ದಾಡುತ್ತಾರೆ. ಯುಪಿಐ ಆ್ಯಪ್‌ಗಳಿಂದ ಲಾಗ್ ಔಟ್ ಆಗಿ.

ನಂತರ ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಕೌಂಟ್ ತೆಗೆಯಿರಿ. ಐಫೋನ್ ಆದರೆ "ಫೈಂಡ್ ಮೈ" ಆಫ್ ಮಾಡಿ. ಇದನ್ನು ಬಿಟ್ಟು ರೀಸೆಟ್ ಮಾಡಿದರೆ ಫೋನ್ ನಿಮ್ಮ ಹಳೇ ಅಕೌಂಟಿಗೆ ಬೀಗ ಹಾಕಿಕೊಂಡು ಕೂರಬಹುದು, ಆಗ ಬೇರೆ ಯಾರಿಗೂ ಬಳಸಲಾಗದು. ಚೆನ್ನಾಗಿರುವ ಎಷ್ಟೋ ಫೋನ್‌ಗಳು ಇದೊಂದೇ ಕಾರಣಕ್ಕೆ ಬಿಡಿಭಾಗಗಳ ರಾಶಿ ಸೇರುತ್ತವೆ.

ಈಗ ಫ್ಯಾಕ್ಟರಿ ರೀಸೆಟ್, ಅಂದರೆ ಫೋನನ್ನು ಡಬ್ಬಿಯಿಂದ ತೆಗೆದ ದಿನದ ಸ್ಥಿತಿಗೆ ತರುವುದು. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಆವೃತ್ತಿಯೊಂದಿಗೆ ಬಂದ ಫೋನ್‌ಗಳಲ್ಲಿ ಮಾಹಿತಿಯೆಲ್ಲ ಗುಪ್ತಲಿಪಿಯಲ್ಲಿರುತ್ತದೆ. ರೀಸೆಟ್ ಆದಾಗ ಅದನ್ನು ಬಿಡಿಸುವ ಕೀ ಅಳಿಸಿಹೋಗುತ್ತದೆ. ಹಾಗಾಗಿ ಆಮೇಲೆ ಫೋಟೋ ಎತ್ತುವುದು ಸುಲಭದ ಮಾತಲ್ಲ.

ಕೊನೆಗೆ ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಜನ ಅತಿ ಹೆಚ್ಚು ಮರೆಯುವುದು ಮೆಮೊರಿ ಕಾರ್ಡ್. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಅದನ್ನು ಬರೆದಿಟ್ಟುಕೊಳ್ಳಿ.

ಆನ್ ಆಗದ ಫೋನ್ ಆದರೆ? ಇನ್ನೊಂದು ಫೋನ್ ಅಥವಾ ಕಂಪ್ಯೂಟರ್‌ನಿಂದ ನಿಮ್ಮ ಗೂಗಲ್ ಅಥವಾ ಆ್ಯಪಲ್ ಅಕೌಂಟ್ ತೆರೆದು, ಸಾಧನಗಳ ಪಟ್ಟಿಯಿಂದ ಹಳೇ ಫೋನನ್ನು ಸೈನ್ ಔಟ್ ಮಾಡಿ. ಕೊಡುವಾಗ ಮಾಹಿತಿ ನಾಶ ಮಾಡಿ ಎಂದು ಕೇಳಿ. ಸುತ್ತಿಗೆಯಿಂದ ಕುಟ್ಟುವ ಐಡಿಯಾ ಬಿಡಿ, ಒಳಗಿರುವುದು ಅದೇ ಲಿಥಿಯಂ ಬ್ಯಾಟರಿ.

ಲ್ಯಾಪ್‌ಟಾಪ್‌ನಲ್ಲಿ ಫೈಲ್ ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಸಾಲದು, ಅದನ್ನು ವಾಪಸ್ ತರುವ ಸಾಫ್ಟ್‌ವೇರ್ ಬಿಟ್ಟಿಯಾಗಿ ಸಿಗುತ್ತದೆ. ಹಾಗಾಗಿ ಹಾರ್ಡ್ ಡಿಸ್ಕನ್ನು ಸ್ಕ್ರೂ ಬಿಚ್ಚಿ ತೆಗೆದಿಟ್ಟುಕೊಂಡು ಉಳಿದದ್ದು ಕೊಡಿ.

ಹಂತ 5: ಬಲ್ಬು, ಡಬ್ಬಾ ಟಿವಿ

ಎಲ್‌ಇಡಿ ಬಂದ ಮೇಲೆ ಸಿಎಫ್‌ಎಲ್ ಬಲ್ಬ್ ಯಾರೂ ಕೊಳ್ಳುವುದಿಲ್ಲ. ಆದರೆ ಅಟ್ಟದಲ್ಲಿ ನಾಲ್ಕಾದರೂ ಇರುತ್ತವೆ. ಅದರಲ್ಲಿ, ಹಳೇ ಟ್ಯೂಬ್‌ಲೈಟಿನಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆದರೆ ಕಿಟಕಿ ತೆರೆದು, ಫ್ಯಾನ್ ಆರಿಸಿ, ಹತ್ತು ಹದಿನೈದು ನಿಮಿಷ ಆ ಕೋಣೆಯಿಂದ ಹೊರಗಿರಿ. ಪೊರಕೆಯಿಂದ ಗುಡಿಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ, ಪುಡಿ ಗಾಳಿಗೆ ಏಳುತ್ತದೆ. ಗಟ್ಟಿ ರಟ್ಟಿನಿಂದ ಎತ್ತಿ, ಉಳಿದ ಚೂರನ್ನು ಟೇಪಿಗೆ ಅಂಟಿಸಿ ತೆಗೆದು, ಮುಚ್ಚಳದ ಡಬ್ಬಿಗೆ ಹಾಕಿ. ಇದು ಮನೆಯ ಅಪಾಯಕಾರಿ ಕಸ, ಹಸಿ ಕಸಕ್ಕೂ ಒಣ ಕಸಕ್ಕೂ ಸೇರದು.

ಹಿಂಭಾಗ ಉದ್ದಕ್ಕಿರುವ ಹಳೇ ಟಿವಿಯ ಪಿಕ್ಚರ್ ಟ್ಯೂಬ್ ಗಾಜಿನಲ್ಲಿ ಕಿಲೋ ಲೆಕ್ಕದಲ್ಲಿ ಸೀಸ ಇರುತ್ತದೆ. ಒಳಗೆ ಗಾಳಿ ಇಲ್ಲದ ಕಾರಣ ಒಡೆದರೆ ಗಾಜು ಸಿಡಿಯುತ್ತದೆ. ಗುಜರಿಯಲ್ಲಿ ತಾಮ್ರದ ಸುರುಳಿ ಮಾತ್ರ ಕಿತ್ತುಕೊಂಡು ಗಾಜನ್ನು ಖಾಲಿ ಸೈಟಿನಲ್ಲಿ ಬಿಸಾಡುವುದೇ ಜಾಸ್ತಿ. ಇನ್ನೂರು ರೂಪಾಯಿ ಆಸೆ ಬಿಡಿ.

ಹಂತ 6: ಎಸಿ, ಯುಪಿಎಸ್ ಬ್ಯಾಟರಿ

ಎಸಿ ಬಿಚ್ಚಲು ಬಂದ ಮೆಕ್ಯಾನಿಕ್ ಪೈಪ್ ಕತ್ತರಿಸಿ "ಸುಯ್" ಎಂದು ಗ್ಯಾಸ್ ಬಿಟ್ಟುಬಿಡುತ್ತಾರೆ, ನೋಡಿರಬಹುದು. ಹಳೇ ಎಸಿಗಳ ಆರ್-22 ಗ್ಯಾಸ್ ಓಜೋನ್ ಪದರಕ್ಕೆ ಹಾನಿ. ಜೊತೆಗೆ ಅದರ ಒಂದು ಕಿಲೋ, ಭೂಮಿಯನ್ನು ಬಿಸಿ ಮಾಡುವ ಲೆಕ್ಕದಲ್ಲಿ ಸುಮಾರು 1,800 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಹೊಸ ಎಸಿಗಳ ಆರ್-32 ಓಜೋನ್‌ಗೆ ತೊಂದರೆ ಮಾಡದು, ಆದರೂ 600 ಪಟ್ಟಿಗಿಂತ ಜಾಸ್ತಿ. ಎಸಿ ಇನ್ನೂ ಓಡುತ್ತಿದ್ದರೆ ಬಿಚ್ಚುವ ಮುನ್ನ "ಪಂಪ್ ಡೌನ್ ಮಾಡಿ" ಎಂದು ಹೇಳಿ. ಅಂದರೆ ಎಸಿ ಓಡಿಸುತ್ತಲೇ ಗ್ಯಾಸನ್ನೆಲ್ಲ ಹೊರಗಿನ ಯೂನಿಟ್‌ಗೆ ಎಳೆದು ವಾಲ್ವ್ ಮುಚ್ಚುವುದು. ಕೆಲವೇ ನಿಮಿಷದ ಕೆಲಸ. ಮನೆ ಬದಲಾಯಿಸುವವರಿಗೆ ಹೊಸ ಗ್ಯಾಸ್ ತುಂಬಿಸುವ ಖರ್ಚೂ ಉಳಿಯುತ್ತದೆ.

ಯುಪಿಎಸ್ ಬ್ಯಾಟರಿಯಲ್ಲಿ ಸೀಸ ಮತ್ತು ಆ್ಯಸಿಡ್ ಇರುತ್ತದೆ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಡಿ, ಬಿಲ್‌ನಲ್ಲಿ ಹಣ ಇಳಿಸುತ್ತಾರೆ. ಸಾಗಿಸುವಾಗ ಓರೆ ಮಾಡಬೇಡಿ.

ಹಂತ 7: ಸರಿಯಾದ ಕೈಗೆ ಕೊಡಿ

ನಡೆಯುವ ವಸ್ತುಗಳನ್ನು ಎಕ್ಸ್‌ಚೇಂಜ್‌ಗೆ ಹಾಕಬಹುದು, ಮಾರಬಹುದು, ಬೇಕಾದವರಿಗೆ ಕೊಡಬಹುದು. ಅಮೆರಿಕದಿಂದ ಬರುವ ತಮ್ಮ, ತಂಗಿಯರು ಹಳೇ ಲ್ಯಾಪ್‌ಟಾಪ್ ತಂದುಕೊಡುತ್ತಾರಲ್ಲ, ಅವರಿಗೊಂದು ಮಾತು: ನಡೆಯುವುದನ್ನು ಮಾತ್ರ ತನ್ನಿ. ಸತ್ತದ್ದನ್ನು ಅಲ್ಲೇ ಕೊಟ್ಟು ಬನ್ನಿ. ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು.

ಕೆಟ್ಟಿರುವುದಕ್ಕೆ ಮೊದಲು ಕೇಳಬೇಕಾದ್ದು ಆ ವಸ್ತುವಿನ ಕಂಪನಿಯನ್ನೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ 106 ಬಗೆಯ ವಸ್ತುಗಳಿವೆ. ಅವನ್ನು ಮಾರುವ ಕಂಪನಿಗಳ ಮೇಲೆ ಇಪಿಆರ್ ಅನ್ನುವ ಹೊಣೆ ಇದೆ. ಸರಳವಾಗಿ ಹೇಳಿದರೆ, ಮಾರಿದ್ದಕ್ಕೆ ತಕ್ಕಷ್ಟು ಹಳೇ ಮಾಲು ಸರಿಯಾಗಿ ರೀಸೈಕಲ್ ಆಗುವಂತೆ ಕಂಪನಿಯೇ ನೋಡಿಕೊಳ್ಳಬೇಕು. ಈ ಗುರಿ ಮೊದಲು ಶೇ. 60 ಇತ್ತು, 2025-26ಕ್ಕೆ ಶೇ. 70, 2027-28ಕ್ಕೆ ಶೇ. 80. ಕಂಪನಿಯ ವೆಬ್‌ಸೈಟ್‌ನಲ್ಲಿ "ಇ-ವೇಸ್ಟ್" ಎಂದು ಹುಡುಕಿದರೆ ಫೋನ್ ನಂಬರ್ ಸಿಗುತ್ತದೆ. ಸರ್ವಿಸ್ ಸೆಂಟರ್‌ನಲ್ಲಿ "ನಮಗೆ ಗೊತ್ತಿಲ್ಲ" ಅಂದರೆ ಆ ನಂಬರಿಗೆ ಕರೆ ಮಾಡಿ ಕೇಳಿ.

ಎರಡನೇ ದಾರಿ ಇ-ತ್ಯಾಜ್ಯದ ಡಬ್ಬಗಳು, ಅಪಾರ್ಟ್‌ಮೆಂಟ್ ಸಂಘದ ಸಂಗ್ರಹ ಅಭಿಯಾನ, ಕೆಲವು ವಾರ್ಡ್‌ಗಳ ಒಣ ತ್ಯಾಜ್ಯ ಕೇಂದ್ರಗಳು. ಇಲ್ಲಿ ಒಂದು ಸೂಕ್ಷ್ಮ ಇದೆ. ಈಗಿನ ನಿಯಮದಲ್ಲಿ ನೋಂದಣಿ ಇರುವುದು ತಯಾರಕರು, ತಮ್ಮ ಬ್ರ್ಯಾಂಡ್ ಹೆಸರಿನಲ್ಲಿ ಮಾರುವ ಉತ್ಪಾದಕರು, ರಿಪೇರಿ ಮಾಡಿ ಮತ್ತೆ ಮಾರುವ ರಿಫರ್ಬಿಷರ್‌ಗಳು, ರೀಸೈಕ್ಲರ್‌ಗಳು ಈ ನಾಲ್ಕು ಬಗೆಯವರಿಗೆ. ಬರೀ ಸಂಗ್ರಹಿಸುವವರಿಗೆ ಬೇರೆ ನೋಂದಣಿ ಇಲ್ಲ. ಹಾಗಾಗಿ "ನೀವು ಅಧಿಕೃತವಾ?" ಎಂದು ಕೇಳಿ ಪ್ರಯೋಜನ ಇಲ್ಲ. "ಕೊನೆಗೆ ಯಾವ ರೀಸೈಕ್ಲರ್‌ಗೆ ಹೋಗುತ್ತದೆ?" ಎಂದು ಕೇಳಿ. ಹೇಳಿದ ಹೆಸರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ತ್ಯಾಜ್ಯ ಪೋರ್ಟಲ್‌ನ ಪಟ್ಟಿಯಲ್ಲಿದೆಯಾ ನೋಡಿ. ತಡವರಿಸಿದರೆ ಡಬ್ಬ ವಾಪಸ್ ತನ್ನಿ.

ಈ ವಿಷಯದಲ್ಲಿ ನಮ್ಮವರು ಹಿಂದುಳಿದಿಲ್ಲ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ ಎನಿಸಿಕೊಂಡ ಇ-ಪರಿಸರ 2005ರಲ್ಲಿ ಶುರುವಾದದ್ದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ. ಚಿಕ್ಕ ಊರಿನವರಿಗೆ ಈ ಸೌಲಭ್ಯ ಕಷ್ಟ, ಒಪ್ಪುತ್ತೇನೆ. ಅಂಥವರು ಓಣಿಯ ನಾಲ್ಕು ಮನೆ ಸೇರಿ ಒಟ್ಟು ಮಾಡಿ. ಮಾಲು ಜಾಸ್ತಿಯಿದ್ದರೆ ಬಂದು ಒಯ್ಯಲು ಒಪ್ಪುವವರು ಸಿಗುತ್ತಾರೆ. ಶಾಲೆ, ಬ್ಯಾಂಕ್, ಸೊಸೈಟಿಯ ಹಳೇ ಕಂಪ್ಯೂಟರ್‌ಗಳ ಜೊತೆ ಸೇರಿಸಿದರೆ ಇನ್ನೂ ಸುಲಭ.

ಹಂತ 8: ರಸೀದಿ ಕೇಳಿ

ಎರಡು ಚಾರ್ಜರ್‌ಗೆ ಯಾರೂ ರಸೀದಿ ಕೊಡುವುದಿಲ್ಲ, ಬಿಡಿ. ಆದರೆ ಅಂಗಡಿ, ಆಫೀಸ್, ಕ್ಲಿನಿಕ್ ನಡೆಸುವವರು ತೂಕ, ದಿನಾಂಕ, ರೀಸೈಕ್ಲರ್ ಹೆಸರು ಇರುವ ಚೀಟಿ ಇಲ್ಲದೆ ಮಾಲು ಬಿಡಬೇಡಿ. ಹಾರ್ಡ್ ಡಿಸ್ಕ್ ಇದ್ದರೆ ಮಾಹಿತಿ ನಾಶ ಮಾಡಿದ ಪ್ರಮಾಣಪತ್ರವನ್ನೂ ಕೇಳಿ.

ಮತ್ತೆ ಮತ್ತೆ ಬರುವ ಎರಡು ಪ್ರಶ್ನೆ

"ದುಡ್ಡು ಎಷ್ಟು ಸಿಗುತ್ತೆ?" ಸತ್ತ ಫೋನಿಗೆ ಬಹುತೇಕ ಏನೂ ಇಲ್ಲ, ಕೆಲವೊಮ್ಮೆ ಸಣ್ಣ ಕೂಪನ್. ಸಿಎಫ್‌ಎಲ್, ಬ್ಯಾಟರಿ, ಡಬ್ಬಾ ಟಿವಿ ತೆಗೆದುಕೊಳ್ಳಲು ಕೆಲವರು ನಿಮ್ಮಿಂದಲೇ ಹಣ ಕೇಳಬಹುದು. ಅದು ಮೋಸ ಅಲ್ಲ. ಪಾದರಸ, ಸೀಸ ಬೇರ್ಪಡಿಸಲು ಖರ್ಚು ಬರುತ್ತದೆ, ಅದರಿಂದ ಸಿಗುವ ಮಾಲಿಗೆ ಬೆಲೆ ಕಡಿಮೆ. ಯಾರಾದರೂ ಎಲ್ಲದಕ್ಕೂ ಒಳ್ಳೆ ರೇಟ್ ಕೊಡುತ್ತೇನೆ ಅಂದರೆ ಅನುಮಾನ ಪಡಬೇಕಾದ್ದು ಅಲ್ಲಿ.

"ಸೋಲಾರ್ ಪ್ಯಾನೆಲ್, ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ?" ಎರಡಕ್ಕೂ ನಿಯಮ ಇದೆ. ಸೋಲಾರ್ ಪ್ಯಾನೆಲ್ 2022ರ ಇ-ತ್ಯಾಜ್ಯ ನಿಯಮದೊಳಗೇ ಬರುತ್ತದೆ. ಸ್ಕೂಟರ್ ಬ್ಯಾಟರಿಗೆ ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿಯಮ ಅನ್ವಯ. ಎರಡನ್ನೂ ಮಾರಿದ ಕಂಪನಿಯೇ ವಾಪಸ್ ಪಡೆಯುವ ವ್ಯವಸ್ಥೆ ಮಾಡಬೇಕು. ಸ್ಕೂಟರ್ ಬ್ಯಾಟರಿಯನ್ನು ಮಾತ್ರ ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಬೇಡಿ, ಬೀದಿ ಬದಿಯ ರಿಪೇರಿಯವರಿಂದಲೂ ಬಿಚ್ಚಿಸಬೇಡಿ. ಡೀಲರ್‌ಗೆ ಫೋನ್ ಮಾಡಿ, ಅವರೇ ಬಂದು ಒಯ್ಯಲಿ.